ಆರಿಸಿದ ಹೊತ್ತು

"ತಪಾಸಣೆಯವರು ಜೀಪು ಹತ್ತಿದ್ರು, ಇನ್ನು ಆರಿಸಿಬಿಡಿ" ಎಂದು ಮ್ಯಾನೇಜರು ಫೋನಿನಲ್ಲಿ ಹೇಳಿದಾಗ ಅವಳು ಯಂತ್ರದ ಗಾಜಿನ ಕಿಂಡಿಗೆ ಕಣ್ಣಿಟ್ಟು ನಿಂತಿದ್ದಳು. ಒಳಗೆ, ಕೊಳವೆಗಳ ನಡುವೆ ಬಿಗಿದ ತಂತಿಗಳ ಸುತ್ತ ನೇರಳೆ ಮಿಂಚು ಸಿರ್ರೆನ್ನುತ್ತಿತ್ತು. ಬಾಯ್ಲರಿನ ಹೊಗೆ ಆ ಮಿಂಚನ್ನು ಹಾದು, ವಿಷದ ಬಹುಪಾಲನ್ನು ಬಿಳಿ ಪುಡಿಯಾಗಿ ಕೆಳಗಿನ ತೊಟ್ಟಿಗೆ ಉದುರಿಸಿ, ಆಮೇಲೆ ಚಿಮಣಿ ಸೇರುತ್ತಿತ್ತು. ಆರು ವರ್ಷದಿಂದ ಅದರ ಉಸ್ತುವಾರಿ ಅವಳದೇ.

ವಿದ್ಯುತ್ ಸ್ಥಾವರದ ಕರೆಂಟನ್ನು ಸ್ಥಾವರದ ಯಂತ್ರವೇ ತಿನ್ನುತ್ತದೆ ಎಂಬುದು ಮ್ಯಾನೇಜರ ಹೊಟ್ಟೆಯುರಿ. ಹಾಗಾಗಿ ಮೂರು ತಿಂಗಳಿಂದ ಅದು ತಪಾಸಣೆಯ ದಿನ ಮಾತ್ರ ಓಡುತ್ತಿತ್ತು. ಯಾರೂ ಹೇಳದಿದ್ದರೂ ಇದು ಮನೆಯಲ್ಲಿ ಅತ್ತೆಗೆ ಗೊತ್ತು. ಗಾಳಿ ಬೀಸುವ ದಿಕ್ಕಿಗೇ ಅವರ ಕ್ವಾರ್ಟರ್ಸು. ಬೆಳಗ್ಗೆ ಗಂಟಲು ಕೆರೆದುಕೊಂಡು, "ಏನೇ, ನಿನ್ನ ಯಂತ್ರಕ್ಕೆ ಇವತ್ತೂ ರಜಾನಾ?" ಎನ್ನುತ್ತಿದ್ದರು. ಮೊದಮೊದಲು ಇಬ್ಬರೂ ನಗುತ್ತಿದ್ದರು. ಕಳೆದ ವಾರ ಆ ಮಾತು ಮುಗಿಯುವ ಮೊದಲೇ ಕೆಮ್ಮು ಹತ್ತಿ, ಅತ್ತೆ ಗೋಡೆ ಹಿಡಿದು ಕುಕ್ಕರಿಸಿದ್ದರು.

ಇಷ್ಟು ದಿನ ಫೋನು ಬಂದ ಕೂಡಲೇ ಆರಿಸಿದ್ದು ಅವಳೇ. ಇವತ್ತು ಕೈ ಏಳಲಿಲ್ಲ. ಆದೇಶವನ್ನು ಬರೆದು ಕೊಡಿ ಎಂದಳು. ಫೋನು ಕಟ್ಟಾಯಿತು.

ಮ್ಯಾನೇಜರು ತಾವೇ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. ಕಲ್ಲಿದ್ದಲ ಅಂಗಳದ ಕೆಲಸಕ್ಕೆ ಎತ್ತಿ ಹಾಕಿಸುತ್ತೇನೆ ಎಂದರು. ಅವಳ ಗಂಡನ ಕೆಲಸವೂ ಇದೇ ಸ್ಥಾವರದ ಆಸ್ಪತ್ರೆಯಲ್ಲಿದೆ ಎಂದು ನೆನಪಿಸಿದರು. ಪಕ್ಕದಲ್ಲಿದ್ದ ಹಳೆಯ ಫಿಟ್ಟರಿಗೆ ಆರಿಸು ಎಂದರು. ಆತ ಕೈಗೆ ಗ್ರೀಸು ಮೆತ್ತಿದೆಯೆಂದು ಬಟ್ಟೆ ಹುಡುಕುತ್ತ ಹೊರಗೆ ಹೋದವನು ಈ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಮ್ಯಾನೇಜರೇ ಸ್ವಿಚ್ಚು ಎಳೆದರು. ಸದ್ದು ನಿಂತ ಕೋಣೆ ಒಮ್ಮೆಲೇ ದೊಡ್ಡದಾದಂತಾಯಿತು. ತಪಾಸಣಾ ಕಚೇರಿಗೆ ಕಳಿಸಬೇಕಿದ್ದ ಪತ್ರವನ್ನು ಅವಳ ಮುಂದೆ ತಳ್ಳಿದರು. ಯಂತ್ರ ಹಗಲಿರುಳೂ ಚಾಲನೆಯಲ್ಲಿದೆ ಎಂದು ಅದರಲ್ಲಿ ಅಚ್ಚಾಗಿತ್ತು.

"ಸಹಿ ಹಾಕಿ."

ಆ ಸಾಲಿನ ಕೆಳಗೆ ಅವಳು ಆರಿಸಿದ ಹೊತ್ತನ್ನೂ ಆರಿಸಿದವರ ಹುದ್ದೆಯನ್ನೂ ಬರೆದಳು. ಆಮೇಲೆ ಸಹಿ ಹಾಕಿ, ಕಾಗದ ಹಿಡಿದು ಮೆಟ್ಟಿಲಿಳಿದಳು. ಮೇಲಿನಿಂದ ಮ್ಯಾನೇಜರು ಕೂಗಿದ್ದು ಕೇಳಿಸಿತು, ತಿರುಗಿ ನೋಡಲಿಲ್ಲ.

ಗೇಟಿನ ಬಳಿ, ಕಲ್ಲಿದ್ದಲ ಲಾರಿಗಳ ಸಾಲಿನಲ್ಲಿ ತಪಾಸಣಾಧಿಕಾರಿಯ ಜೀಪು ಸಿಕ್ಕಿಕೊಂಡಿತ್ತು. ಅಧಿಕಾರಿ ಗಾಜು ಇಳಿಸಿ ಕಾಗದ ಓದಿದರು. ತಮ್ಮ ವರದಿ ಆಗಲೇ ಮುಗಿದಿದೆ, ದೂರೇನಿದ್ದರೂ ಕಚೇರಿಗೆ ಬರೆಯಿರಿ ಎಂದರು.

"ನೀವು ಗೇಟು ದಾಟೋವರೆಗೂ ಮ್ಯಾನೇಜರಿಗೆ ತಡೆಯೋಕಾಗ್ಲಿಲ್ಲ ಸಾರ್. ಒಂದ್ಸಲ ಇಳಿದು ಮೇಲೆ ನೋಡಿ."

"ದಾರಿ ಬಿಡಿಯಮ್ಮ."

"ಬಿಡಲ್ಲ."

ಮುಂದಿನ ಲಾರಿ ಸರಿಯಿತು. ಅವಳು ಹೋಗಿ ಜೀಪಿಗೆ ಅಡ್ಡ ನಿಂತಳು. ಹಿಂದಿನ ಲಾರಿಗಳು ಹಾರನ್ನು ಒತ್ತತೊಡಗಿದವು. ಜೀಪಿನ ಚಾಲಕ ಅಧಿಕಾರಿಯ ಮುಖ ನೋಡಿದ, ಅವಳ ಮುಖ ನೋಡಿದ, ಎಂಜಿನ್ ನಿಲ್ಲಿಸಿದ. ತುಸು ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಅಧಿಕಾರಿ ಒಂದು ಕಾಲನ್ನು ನೆಲಕ್ಕೂರಿ, ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದು, ತಲೆಯೆತ್ತಿದರು. ಚಿಮಣಿಯ ಬಾಯಿಂದ ಕಂದು ಹೊಗೆ ದಪ್ಪಗೆ ಎದ್ದು, ಕ್ವಾರ್ಟರ್ಸುಗಳ ಕಡೆಗೆ ಮೆಲ್ಲನೆ ಬಾಗುತ್ತಿತ್ತು.