ವಾಸನೆಯಿಲ್ಲದ ಮನೆ

ತಂಗಿಯ ಮನೆಗೆ ಹೋಗಬೇಕಾದರೆ ನಾನು ಮೊದಲು ಸ್ನಾನ ಮಾಡಬೇಕಿತ್ತು. ಅದೂ ನನ್ನ ಸೋಪಿನಲ್ಲಲ್ಲ, ಅವಳೇ ಕೊಟ್ಟ, ನೊರೆಯೂ ಬಾರದ, ಪರಿಮಳವೂ ಇಲ್ಲದ ಒಂದು ಬೂದು ಬಿಲ್ಲೆಯಲ್ಲಿ. ನಾನಿರುವುದು ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ, ಅವಳು ಮೇಲಿನದರಲ್ಲಿ. ನಾನು ಪಾರ್ಲರಿನಲ್ಲಿ ಕೂದಲು ಕತ್ತರಿಸುವವಳು, ಬಣ್ಣ ಹಚ್ಚುವವಳು, ಗುಂಗುರನ್ನು ನೆಟ್ಟಗೆ ಮಾಡುವವಳು. ಬೆಳಗಿನಿಂದ ಸಂಜೆಯವರೆಗೆ ಆ ಔಷಧಿಗಳಲ್ಲಿ ಕೈ ಅದ್ದಿಕೊಂಡಿರುವವಳ ಮೈಯಿಂದ ಇನ್ನೇನು ಮಲ್ಲಿಗೆ ಘಮ ಬರುತ್ತದೆಯೇ? "ನೀನು ಮೆಟ್ಟಿಲು ಹತ್ತುವಾಗಲೇ ನನಗೆ ಮೂಗು ಉರಿಯುತ್ತೆ ಅಕ್ಕಾ" ಎಂದು ಅವಳು ಮೊದಲ ಸಲ ಹೇಳಿದಾಗ ನನಗೆ ಕೋಪ ನೆತ್ತಿಗೇರಿತ್ತು. ಆದರೆ ಅವಳ ಹೊಟ್ಟೆಯಲ್ಲಿ ಮಗು ಇತ್ತು. ಬಾಯಿ ಮುಚ್ಚಿಕೊಂಡು ಕೆಳಗೆ ಬಂದು ಸ್ನಾನ ಮಾಡಿದೆ.

ಅವಳನ್ನು ನಾವೆಲ್ಲ ಗುಬ್ಬಿ ಎಂದೇ ಕರೆಯುವುದು. ನಾವೆಲ್ಲ ಎಂದರೆ ಈಗ ನಾನೊಬ್ಬಳೇ. ನನಗೆ ಗಂಡನೂ ಇಲ್ಲ, ಮಕ್ಕಳೂ ಇಲ್ಲ, ಇರುವವಳು ಅವಳೊಬ್ಬಳು. ಅವಳ ಗಂಡ ಬಸ್ ಓಡಿಸುತ್ತಾನೆ. ಏನು ಹೇಳಿದರೂ ಹ್ಞೂಂ ಎನ್ನುತ್ತಾನೆ, ಅದಕ್ಕೇ ಅವನಿಗೆ ಹ್ಞೂಂಕಾರ ಎಂದು ಹೆಸರಿಟ್ಟಿದ್ದೇನೆ. ಅವನು ಅದಕ್ಕೂ ಹ್ಞೂಂ ಎಂದಿದ್ದ.

ಗುಬ್ಬಿಗೆ ಹಿಂದೆ ಎರಡು ಸಲ ಗರ್ಭ ನಿಂತಿತ್ತು, ಎರಡು ಸಲವೂ ಹೋಗಿತ್ತು. ಡಾಕ್ಟರಮ್ಮ ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಾಗಿದೆ, ಕಾರಣ ಗೊತ್ತಾಗುತ್ತಿಲ್ಲ ಎಂದು ಕೈಚೆಲ್ಲಿದ್ದರು. ಅವರಿಗೆ ಸಿಗದ ಕಾರಣವನ್ನು ಫೋನಿನ ವಿಡಿಯೋಗಳಲ್ಲಿ ಬರುವ ಒಬ್ಬಳು ಹೆಂಗಸು ಹುಡುಕಿ ಕೊಟ್ಟಳು. ಶಾಂಪೂ, ಕ್ರೀಮು, ನೆಲ ಒರೆಸುವ ದ್ರವ, ಬಟ್ಟೆ ಪುಡಿ, ಪ್ಲಾಸ್ಟಿಕ್ ಡಬ್ಬಿ, ಎಲ್ಲವೂ ವಿಷ, ಎಲ್ಲವೂ ಚರ್ಮದ ಮೂಲಕ ಒಳಗೆ ಇಳಿಯುತ್ತವೆ ಎಂದು ಅವಳು ನಗುನಗುತ್ತಾ ಹೇಳುತ್ತಿದ್ದಳು. ಅವಳ ಹಿಂದೆ ಬಿಳಿ ಗೋಡೆ, ಹಸಿರು ಗಿಡ, ಕೈಯಲ್ಲೊಂದು ಗುಂಡುಗುಂಡಾದ ಮಗು.

ಮೂರನೆಯ ಸಲ ನಿಂತಿದೆ ಎಂದು ಗೊತ್ತಾದ ಕೂಡಲೇ ಗುಬ್ಬಿ ಮನೆ ಗುಡಿಸಿ ಗುಂಡಾಂತರ ಮಾಡಿದಳು. ಕನ್ನಡಿಯ ಮುಂದಿದ್ದ ಬಾಟಲಿಗಳೆಲ್ಲ ಕಸದ ಚೀಲಕ್ಕೆ ಹೋದವು. ಬಿದಿರಿನ ಬ್ರಷ್ಷು ಬಂತು, ಇದ್ದಿಲಿನ ಹಲ್ಲುಪುಡಿ ಬಂತು, ಬಟ್ಟೆಗೆ ಅಂಟುವಾಳದ ಕಾಯಿ, ಪಾತ್ರೆಗೆ ನಾರು, ಊಟ ಮುಚ್ಚಿಡಲು ಜೇನುಮೇಣ ಸವರಿದ ಬಟ್ಟೆ. ಬೆಳಿಗ್ಗೆ ಹ್ಞೂಂಕಾರ ಕಪ್ಪು ಬಾಯಿ ಬಿಟ್ಟುಕೊಂಡು ನಿಂತರೆ ಕಲ್ಲಿದ್ದಲು ತಿಂದವನ ಹಾಗೆ ಕಾಣುತ್ತಿದ್ದ. ಕಂಕುಳಿಗೆ ಹಚ್ಚುವ ಸೋಡಾಪುಡಿಯ ಮುಲಾಮಿನಿಂದ ಇಬ್ಬರಿಗೂ ಕೆಂಪು ಗುಳ್ಳೆ ಎದ್ದವು. "ವಿಷ ಹೊರಗೆ ಬರ್ತಾ ಇದೆ" ಎಂದಳು ಗುಬ್ಬಿ.

"ವಿಷ ಅಲ್ಲ ಕಣೇ, ಚರ್ಮ ಹೊರಗೆ ಬರ್ತಾ ಇದೆ" ಎಂದೆ.

ಒಂದು ದಿನ ವಿನಿಗರ್‌ಗೆ ನೆಲ ಒರೆಸಲೆಂದು ಅಡುಗೆ ಸೋಡಾ ಸುರಿದು, ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿಟ್ಟಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಢಮ್ ಎಂದಿತು. ಓಡಿಹೋಗಿ ನೋಡಿದರೆ ಮುಚ್ಚಳ ಫ್ಯಾನಿಗೆ ಬಡಿದು ಬಿದ್ದಿತ್ತು, ಹ್ಞೂಂಕಾರ ತಲೆಯಿಂದ ನೀರು ಸುರಿಸಿಕೊಂಡು ನಿಂತಿದ್ದ. "ಅಯ್ಯೋ, ಇವನನ್ನಾದರೂ ಸ್ವಚ್ಛ ಮಾಡಿತಲ್ಲ!" ಎಂದೆ. ಗುಬ್ಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ಆಮೇಲೆ ಅವಳು ಕೆಲಸ ಬಿಟ್ಟಳು. ಬಣ್ಣದಂಗಡಿಯಲ್ಲಿ ಗಿರಾಕಿಗಳು ತಂದ ಬಟ್ಟೆಯ ಚೂರು ನೋಡಿ ಅದೇ ಬಣ್ಣ ಕಲಸಿಕೊಡುವ ಕೆಲಸ ಅದು. ಅದರಲ್ಲಿ ಅವಳ ಕಣ್ಣು ಎಂದೂ ತಪ್ಪಿದ್ದಿಲ್ಲ. ಆ ಕೆಲಸವೆಂದರೆ ಅವಳಿಗೆ ಜೀವ. "ಮಗು ಆದ್ಮೇಲೆ ನೋಡೋಣ" ಎಂದಳು, ಅಷ್ಟೇ. ಕೂದಲಿಗೆ ಬಣ್ಣ ಹಾಕುವುದನ್ನು ಬಿಟ್ಟಳು, ಬೈತಲೆಯಲ್ಲಿ ಬಿಳಿಗೆರೆ ಮೂಡಿತು. ಅವಳ ಶಾಂಪೂ ಬಿಲ್ಲೆ ನಮ್ಮ ಗಡಸು ನೀರಿಗೆ ಹೊಂದದೆ ಕೂದಲು ಮೇಣ ಮೆತ್ತಿದ ಹಾಗೆ ಜಡೆಗಟ್ಟಿತು. ಚಿಕ್ಕಂದಿನಿಂದ ಆ ತಲೆ ಬಾಚಿದವಳು ನಾನು. ನೋಡಿ ಕೈ ತುರಿಸುತ್ತಿತ್ತು.

"ಬರೀ ನೀರಲ್ಲಿ ತೊಳೆದು, ತುದಿ ಕತ್ತರಿಸ್ತೀನಿ ಕಣೇ."

"ಬೇಡ ಅಕ್ಕಾ. ನಿನ್ನ ಕತ್ತರಿ, ಬಾಚಣಿಗೆ ಎಲ್ಲ ಪಾರ್ಲರಿಂದು. ತಪ್ಪು ತಿಳ್ಕೋಬೇಡ."

ತಪ್ಪು ತಿಳಿದುಕೊಳ್ಳದೆ ಇರಲು ನಾನೇನು ಕಲ್ಲೇ? ಕೆಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಮಾರನೆಯ ದಿನ ಮತ್ತೆ ಬೂದು ಬಿಲ್ಲೆ ಉಜ್ಜಿಕೊಂಡು, ಅವಳ ಬಾಗಿಲ ಹೊರಗೇ ಬಟ್ಟೆ ಬದಲಿಸಿ ಒಳಗೆ ಹೋದೆ. ಒಂದು ದಿನವೂ ತಪ್ಪಿಸಲಿಲ್ಲ. ಆ ಮನೆಯಲ್ಲಿ ಈಗ ಯಾವ ವಾಸನೆಯೂ ಇರಲಿಲ್ಲ, ಅಡುಗೆಯದೂ ಇಲ್ಲ, ಮನುಷ್ಯರದೂ ಇಲ್ಲ. ಆದರೆ ಹೊಟ್ಟೆ ಮುಂದೆ ಬರುತ್ತಿತ್ತು. ಹಿಂದಿನ ಎರಡು ಸಲ ಹೋದ ಕಾಲ ದಾಟಿತ್ತು. ಹುಚ್ಚಿಯ ಹಾಗೆ ಆಡುತ್ತಿದ್ದಾಳೆ ಎಂದು ಬಯ್ಯುತ್ತಿದ್ದ ನಾನೇ, ಇದೇ ಸರಿಯಿರಬಹುದೇನೋ ಎಂದು ನಂಬತೊಡಗಿದೆ.

ನಂಬಿದ್ದೇ ತಡ. ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ಪರದೆ ನೋಡುತ್ತಾ ಮಾತು ನಿಲ್ಲಿಸಿದಳು, ಎದ್ದುಹೋಗಿ ಡಾಕ್ಟರಮ್ಮನನ್ನು ಕರೆತಂದಳು. ಮಗುವಿನ ಎದೆಬಡಿತ ನಿಂತುಹೋಗಿತ್ತು.

ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಅವಳ ಹಾಸಿಗೆಯ ಪಕ್ಕ ಕುಳಿತರು. ಗುಬ್ಬಿ ಅಳಲಿಲ್ಲ, ಕೇಳತೊಡಗಿದಳು. "ಪಕ್ಕದ ಮನೆಯೋರು ಸೊಳ್ಳೆಗೆ ಏನೋ ಹಚ್ತಾರೆ. ಅದರ ಹೊಗೆಯಿಂದ ಆಯ್ತಾ?"

"ಇಲ್ಲಮ್ಮ."

"ನಮ್ಮನೆಯವರ ಯೂನಿಫಾರ್ಮಿಗೆ ಡೀಸೆಲ್ ವಾಸನೆ ಇರುತ್ತೆ. ಅದಾ?"

"ಅಲ್ಲ. ನೀನು ಮಾಡಿದ್ದರಿಂದಾಗಲೀ ಬಿಟ್ಟಿದ್ದರಿಂದಾಗಲೀ ಇದು ಆಗಿಲ್ಲ. ನಿಂದೇನೂ ತಪ್ಪಿಲ್ಲ. ಕೆಲವು ಸಲ ಹೀಗಾಗುತ್ತೆ, ಅಷ್ಟೇ."

ಒಳ್ಳೆಯ ಹೆಂಗಸು, ಸಮಾಧಾನಕ್ಕೆಂದೇ ಹೇಳಿದರು. ಆದರೆ ಆ ಮಾತು ಕೇಳಿ ಗುಬ್ಬಿಯ ಮುಖ ಹೇಗಾಯಿತೆಂದು ಕಂಡವಳು ನಾನು. ನಿಂದೇನೂ ತಪ್ಪಿಲ್ಲ ಎಂದರೆ ಅವಳ ಕೈಯಲ್ಲೂ ಏನಿಲ್ಲ ಎಂದೇ ಅರ್ಥ ತಾನೇ?

ಮನೆಗೆ ಬಂದ ಮೇಲೆ ಅವಳು ಅನ್ನ ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವಳು ಮಲಗಿಯೇ ಇದ್ದಳು. ನಾನು ತುತ್ತು ಕಲಸಿ ಬಾಯಿಗೆ ಹಿಡಿದರೆ ತುಟಿ ಬಿಗಿದುಕೊಳ್ಳುತ್ತಿದ್ದಳು. ಹ್ಞೂಂಕಾರ ಕೆಲಸಕ್ಕೆ ಹೋಗದೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಕೊನೆಗೊಂದು ಮಧ್ಯಾಹ್ನ ಅವಳು ಗೋಡೆಗೇ ಹೇಳಿದಳು, "ಸೋಪು ಬಿಟ್ಟೆ, ಕೆಲಸ ಬಿಟ್ಟೆ, ನಿನ್ನ ಕೈಲಿ ತಲೆ ಬಾಚಿಸ್ಕೊಳ್ಳೋದನ್ನೂ ಬಿಟ್ಟೆ. ಇನ್ನೇನು ಬಿಡಲಿ ಅಕ್ಕಾ? ಬಿಡೋಕೆ ಏನೂ ಉಳಿದಿಲ್ವಲ್ಲ. ಒಂದೇ ಒಂದು ತಪ್ಪು ಸಿಕ್ಕಿದ್ರೂ ಸಾಕಾಗಿತ್ತು. ಇನ್ನೊಂದು ಸಲ ಧೈರ್ಯ ಮಾಡ್ತಿದ್ದೆ."

ಮುಂದೆ ನನ್ನ ಬಾಯಿಂದ ಬಂದ ಮಾತನ್ನು ನಾನು ಯೋಚಿಸಿ ಆಡಿದ್ದಲ್ಲ.

"ನನ್ನಿಂದಲೇ ಕಣೇ ಆಗಿದ್ದು."

ಅವಳು ತಿರುಗಿದಳು.

"ಒಂದಿನ ನೀನು ನಿದ್ದೆ ಮಾಡ್ತಿದ್ದೆ. ನಾನು ಪಾರ್ಲರಿಂದ ಸೀದಾ ಒಳಗೆ ಬಂದೆ, ಸ್ನಾನ ಇಲ್ಲ, ಏನಿಲ್ಲ. ಕೂದಲು ನೆಟ್ಟಗೆ ಮಾಡೋ ಔಷಧಿ ಕೈಗೆ ಮೆತ್ತಿಕೊಂಡೇ ಇತ್ತು. ನಿನ್ನ ತಲೆ ನೋಡಿ ತಡೆಯೋಕಾಗ್ಲಿಲ್ಲ. ಬೆರಳಲ್ಲಿ ಸಿಕ್ಕು ಬಿಡಿಸಿದೆ, ಹೊಟ್ಟೆ ಸವರಿದೆ."

ಅಂಥದ್ದೇನೂ ನಡೆದಿರಲಿಲ್ಲ. ಮನೆಯಲ್ಲಿ ಒಬ್ಬಳೇ ಇರುವಾಗಲೂ ನಾನು ಮೂರು ಸಲ ಕೈ ತೊಳೆಯುವುದನ್ನು ರೂಢಿ ಮಾಡಿಕೊಂಡಿದ್ದೆ.

ಅವಳು ನನ್ನ ಮುಖವನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಕಣ್ಣಿಗೆ ಜೀವ ಬಂತು. ಆಸ್ಪತ್ರೆಯಲ್ಲಿ ಬಾರದಿದ್ದ ಅಳು ಆಗ ಉಕ್ಕಿ ಬಂತು. ಅವಳು ನನ್ನ ತೋಳಿಗೆ, ಎದೆಗೆ ಬಡಿದಳು. "ನನಗನ್ನಿಸಿತ್ತು! ಎಲ್ಲೋ ಏನೋ ತಪ್ಪಾಗಿದೆ ಅಂತ ಅನ್ನಿಸಿತ್ತು! ಇಷ್ಟೆಲ್ಲ ಮಾಡಿದ ಮೇಲೂ ಮಗು ಸುಮ್ಮಸುಮ್ಮನೆ ಹೋಗೋಕೆ ಸಾಧ್ಯಾನೇ ಇರಲಿಲ್ಲ!" ಎಂದು ಕೂಗಿದಳು. ನಾನು ಹೊಡೆಸಿಕೊಂಡೆ. ಅವಳ ಕೈಯಲ್ಲಿ ಶಕ್ತಿಯೇ ಇರಲಿಲ್ಲ.

"ಹೋಗು ಅಕ್ಕಾ" ಎಂದಳು ಕೊನೆಗೆ. "ಇನ್ನು ಬರಬೇಡ. ನನ್ನ ಮನೆಗೆ ಯಾವತ್ತೂ ಬರಬೇಡ."

ಸಂಜೆ ಹ್ಞೂಂಕಾರ ಕೆಳಗಿಳಿದು ಬಂದು ನನ್ನ ಹೊಸ್ತಿಲಲ್ಲಿ ನಿಂತ. ಬಾ ಎಂದರೂ ಒಳಗೆ ಬರಲಿಲ್ಲ.

"ಅವಳು ಊಟ ಮಾಡಿದ್ಲು" ಎಂದ. "ಎದ್ದು ಕೂತು, ಬಡಿಸಿಕೊಂಡು ತಿಂದ್ಲು."

"ಅಷ್ಟಾದರೆ ಸಾಕಪ್ಪ."

ಅವನು ಹೋಗಲೆಂದು ತಿರುಗಿದವನು ಮತ್ತೆ ನನ್ನ ಕಡೆ ನೋಡಿದ. "ನೀವು ಹಾಗೆ ಮಾಡೋರಲ್ಲ ಅಂತ ನನಗೆ ಗೊತ್ತು. ಆದ್ರೆ ಅವಳಿಗೆ ಹೇಳಲ್ಲ. ನೀವೂ ಹೇಳಬೇಡಿ. ದಮ್ಮಯ್ಯ."

ಆ ಸಲ ಹ್ಞೂಂ ಎಂದವಳು ನಾನು.

ಈಗ ಗುಬ್ಬಿಗೆ ಮತ್ತೆ ನಿಂತಿದೆಯಂತೆ. ನನಗೆ ಹೇಳಿದ್ದು ಕೆಳಗಿನ ಅಂಗಡಿಯವಳು. ಸಂತೋಷಪಡಬೇಕೋ ಹೆದರಬೇಕೋ ತಿಳಿಯದೆ ಹಾಲಿನ ಪೊಟ್ಟಣ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಿದ್ದೆ. ಈ ಸಲವೂ ಹೋದರೆ ಅವಳ ಕೈಗೆ ಕೊಡಲು ನನ್ನ ಹತ್ತಿರ ಇನ್ನೊಂದು ಕಾರಣವಿಲ್ಲ.

ಇವತ್ತು ಬೆಳಿಗ್ಗೆ ನಾನು ಕೆಲಸಕ್ಕೆ ಇಳಿಯುವಾಗ ಅವಳು ಹತ್ತಿ ಬರುತ್ತಿದ್ದಳು. ಮುಖ ತುಂಬಿಕೊಂಡಿತ್ತು, ಕೂದಲು ಹಾಗೆಯೇ ಗಂಟುಗಂಟಾಗಿತ್ತು. ನನ್ನನ್ನು ಕಂಡ ಕೂಡಲೇ ಒಂದು ಕೈ ಹೊಟ್ಟೆಗೆ ಹೋಯಿತು, ಇನ್ನೊಂದು ಕೈಯಲ್ಲಿ ಮೂಗು ಬಾಯಿ ಮುಚ್ಚಿಕೊಂಡು, ಗೋಡೆಗೆ ಬೆನ್ನು ಒತ್ತಿ ನಿಂತಳು. ಅವಳು ಹೆಚ್ಚು ಹೊತ್ತು ಉಸಿರು ಬಿಗಿಹಿಡಿಯಬಾರದಲ್ಲ, ಅದಕ್ಕೇ ನಾನು ಬೇಗಬೇಗ ಮೆಟ್ಟಿಲಿಳಿದು ಹೋದೆ.