ಮೂರನೆಯ ಹಾಡಿನ ಮೂರು ತಟ್ಟು

ಆ ದಿನ ಬೆಳಿಗ್ಗೆ ಗಾಳಿ ಉಸಿರು ಬಿಗಿಹಿಡಿದು ಕೂತಂತಿತ್ತು. ಮೂರು ದಿನದಿಂದ ಬಡಿದುಕೊಳ್ಳುತ್ತಿದ್ದ ಕಾರ್ಖಾನೆಯ ತಗಡಿನ ಮಾಡು ಕಡೆಗೂ ಸುಮ್ಮನಾಗಿತ್ತು. ದೇವರೇ ತನ್ನ ಕೆಲಸಕ್ಕೆಂದು ಈ ಮೌನ ಕಳಿಸಿದ್ದಾನೆ ಎಂದುಕೊಂಡು ಕಿವಿಯಕ್ಕ ಹೆಡ್‌ಫೋನ್ ಏರಿಸಿದಳು.

ಹಾಡಿನ ರೆಕಾರ್ಡು ಒತ್ತುವ ಆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳಿಗೆ ಅದೇ ಹೆಸರು. ಹೊಸ ಅಚ್ಚಿನಿಂದ ಬಂದ ಮೊದಲ ರೆಕಾರ್ಡನ್ನು ಅವಳು ಕೇಳಬೇಕು. ಸರಿಯಿದ್ದರೆ ಬಿಳಿ ಚೀಟಿ, ದೋಷವಿದ್ದರೆ ಕೆಂಪು. ಕೆಂಪು ಚೀಟಿ ಹೋದರೆ ಕೆಳಗೆ ಮೇಸ್ತ್ರಿ ಅಚ್ಚನ್ನು ಸುತ್ತಿಗೆಯಿಂದ ಬಗ್ಗಿಸಿಬಿಡುತ್ತಾನೆ, ಯಾರೂ ಮರೆತು ಮತ್ತೆ ಬಳಸದಿರಲೆಂದು. ಕಾಳಿನಲ್ಲಿ ಕಲ್ಲು ಆರಿಸುವವಳಂತೆ ಅವಳ ಕಿವಿಗೆ ಕಲ್ಲಿನ ಮೇಲಷ್ಟೇ ಗಮನ. ಹಾಡಿದವರು ಕಳಿಸುವ ಟಿಪ್ಪಣಿಯನ್ನೂ ಅವಳು ಮೊದಲು ಓದುತ್ತಿರಲಿಲ್ಲ. ಓದಿದರೆ ಕಿವಿ ಲಂಚ ತಿಂದಂತೆ ಎಂಬುದು ಅವಳ ನೇಮ. ಇವತ್ತಿನದೂ ಚಹಾ ಲೋಟದ ಕೆಳಗೆ ಬೋರಲು ಬಿದ್ದಿತ್ತು.

ಯಾರೋ ಹೊಸ ಹುಡುಗಿಯ ಮೊದಲ ಆಲ್ಬಂ. ತಾನೇ ಬರೆದು, ತಾನೇ ಗಿಟಾರ್ ಮೀಟಿ ಹಾಡಿದ್ದು. ಮೂರನೆಯ ಹಾಡಿನಲ್ಲಿ ಸಣ್ಣದೊಂದು ಟಕ್. ರೆಕಾರ್ಡು ಒಂದು ಸುತ್ತು ಬರುತ್ತಲೇ ಮತ್ತೆ ಟಕ್. ಇನ್ನೊಂದು ಬರುವಷ್ಟರಲ್ಲಿ ಅವಳ ಕೈ ಆಗಲೇ ಚೀಟಿಯ ಮೇಲಿತ್ತು. ಸುತ್ತಿಗೊಂದು ಸದ್ದೆಂದರೆ ಅಚ್ಚಿನಲ್ಲಿ ಗೀರು. ಕೆಂಪು ಚೀಟಿ ಬರೆದು, ಬುಟ್ಟಿಯಲ್ಲಿಟ್ಟು, ಕಿಟಕಿಯಿಂದ ಹಗ್ಗದಲ್ಲಿ ಕೆಳಗಿಳಿಸಿದಳು.

ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದ ಹಾಡುಗಾತಿ ಹುಡುಗಿ ಬಾಗಿಲಿಗೆ ಬಂದಳು.

"ಅಕ್ಕಾ, ಕೆಂಪು ಹೋಯ್ತಾ?"

"ಮೂರನೇ ಹಾಡಲ್ಲಿ ಗೀರಿದೆ ಕಣಮ್ಮ. ಹೊಸ ಅಚ್ಚು ಮಾಡ್ತಾರೆ ಬಿಡು."

"ಅದು ಗೀರಲ್ಲ ಅಕ್ಕ. ನಮ್ಮಪ್ಪ." ಹುಡುಗಿ ಒಳಗೇ ಬಂದಳು. "ಪಕ್ಕದ ಕೋಣೆಯಿಂದ ಗೋಡೆ ತಟ್ಟಿದ್ದು. ಮೂಲ ಟೇಪು ಆಗಲೇ ಹರಿದುಹೋಗಿದೆ, ಇರೋದು ಈ ಅಚ್ಚೊಂದೇ. ನಾನೇನೋ ಮತ್ತೆ ಹಾಡ್ತೀನಿ. ತಟ್ಟೋಕೆ ಅಪ್ಪ ಇಲ್ಲ."

ಕಿವಿಯಕ್ಕ ಕಿಟಕಿಯಿಂದ ಕೂಗಿದಳು. ಯಂತ್ರದ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು? ಮೂವತ್ತೆರಡು ಮೆಟ್ಟಿಲು, ಮಾತು ಕೇಳದ ಮಂಡಿ. ಕಂಬಿ ಹಿಡಿದು ಇಳಿದಳು. ಒಂದೊಂದು ಮೆಟ್ಟಿಲಿಗೂ, ಈಗ ಬಿತ್ತು ಸುತ್ತಿಗೆ, ಈಗ ಬಿತ್ತು ಎಂದು ಕಿವಿಗೊಡುತ್ತಿದ್ದಳು.

ಅಚ್ಚು ಬಡಿಯುವ ಅಡಿಗಲ್ಲಿನ ಮೇಲಿತ್ತು. ಮೇಸ್ತ್ರಿ ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದ.

"ಏನಕ್ಕಾ, ಇವತ್ತು ಕಿವಿಗೆ ರಜೆ, ಕಾಲಿಗೆ ಡ್ಯೂಟಿನಾ?"

"ಸುತ್ತಿಗೆ ಕೆಳಗಿಡೋ. ಇನ್ನೊಂದು ಸಲ ಕೇಳಬೇಕು."

"ನೀನು ಎರಡು ಸಲ ಕೇಳೋದಾ? ಗೋಡೆ ಮೇಲೆ ತಾರೀಕು ಬರೆದಿಡ್ತೀನಿ ತಾಳು." ಎಂದನಾದರೂ ಸುತ್ತಿಗೆ ಇಟ್ಟ. "ಊಟದ ಗಂಟೆವರೆಗೆ ಕಾಯ್ತೀನಿ. ಆಮೇಲೆ ಯಂತ್ರ ತಣ್ಣಗಾದ್ರೆ ನನ್ನ ತಲೆಗೆ ಬರುತ್ತೆ."

ಮೇಲೆ ಹತ್ತಿ ಬಂದು ಮೊದಲ ಬಾರಿಗೆ ಲೋಟ ಸರಿಸಿ ಟಿಪ್ಪಣಿ ಓದಿದಳು. 'ಮೂರನೆಯ ಹಾಡಿನ ಮೂರು ತಟ್ಟು ಅಪ್ಪನದು, ದಯವಿಟ್ಟು ಉಳಿಸಿ. ನಾನು ಹಾಡಲು ಕೂತರೆ ನಿಲ್ಲಿಸು ಎಂದು ಗೋಡೆ ತಟ್ಟುತ್ತಿದ್ದರು. ಅವತ್ತು ಯಾಕೆ ತಟ್ಟಿದರೋ, ಕೇಳುವ ಮೊದಲೇ ಹೋಗಿಬಿಟ್ಟರು. ಅದು ಬೈಗುಳವೋ ತಾಳವೋ, ಕೇಳಿದವರು ಒಂದು ಮಾತು ತಿಳಿಸಿ.'

ಓದಿದ್ದಾಯಿತು, ಇನ್ನು ಕಿವಿ ಲಂಚ ತಿನ್ನಬಾರದು. ಕಣ್ಣು ಮುಚ್ಚಿ ಮೊದಲ ಹಾಡಿಗೇ ಮುಳ್ಳು ಇಟ್ಟಳು.

ಹುಡುಗಿಯ ದುಃಖಕ್ಕೆ ಗೋಳಾಟವಿರಲಿಲ್ಲ. ಮನೆಗೆ ಬಂದ ನೆಂಟನಂತೆ ಅದು ಮೂಲೆಯಲ್ಲಿ ಕೂತು, ಕೊಟ್ಟ ನೀರು ಕುಡಿದು, ಎಲ್ಲರ ಮುಖ ನೋಡುತ್ತಿತ್ತು. ಎರಡನೆಯ ಹಾಡಿನ ಹೊತ್ತಿಗೆ ಕಿವಿಯಕ್ಕ ಕಲ್ಲು ಆರಿಸುವುದನ್ನೇ ಮರೆತಿದ್ದಳು.

ಮೂರನೆಯದು. ಟಕ್. ಸರಿಯಾಗಿ ಒಂದು ಸುತ್ತಾದ ಮೇಲೆ ಮತ್ತೆ ಟಕ್. ಗೀರೇ ಇರಬಹುದೇ? ಅಷ್ಟರಲ್ಲಿ ಹುಡುಗಿಯ ದನಿ ಒಂದು ಮಾತಿನ ಮೇಲೆ ಬಿಗಿದು, ತಡೆದು, ನಿಧಾನವಾಯಿತು. ಸುತ್ತು ಮುಗಿಯಿತು. ತಟ್ಟು ಬರಲಿಲ್ಲ. ಹುಡುಗಿ ಉಸಿರು ತೆಗೆದುಕೊಂಡು ಮಾತನ್ನು ಮುಗಿಸಿದಳು. ಆಗ ಬಂತು, ಮೆತ್ತಗೆ, ಟಕ್.

ಗೀರು ಯಾರಿಗೂ ಕಾಯುವುದಿಲ್ಲ.

ಕಿವಿಯಕ್ಕ ಕೊನೆಯ ಹಾಡಿನವರೆಗೂ ಕೇಳಿದಳು. ಬಿಳಿ ಚೀಟಿಯನ್ನು ಬುಟ್ಟಿಯಲ್ಲಿ ಇಳಿಸಿದಳು. ಕೆಳಗೆ ಯಂತ್ರ ಹೂಂಕರಿಸಿತು. ಆಮೇಲೆ ಟಿಪ್ಪಣಿಯ ಅಡಿಯಲ್ಲಿ, ದೋಷ ಬರೆಯುವ ಅದೇ ಗುಂಡು ಅಕ್ಷರದಲ್ಲಿ ಬರೆದಳು: 'ಮೂರನೇ ತಟ್ಟು ತಡವಾಗಿದೆ. ನೀನು ತಡೆದಲ್ಲಿ ಅಪ್ಪನೂ ತಡೆದು ಕಾದಿದ್ದಾರೆ. ತಾಳವೇ.'

ಲೋಟದ ಗುರುತು ಬಿದ್ದಿದ್ದ ಆ ಹಾಳೆಯನ್ನು ಮಡಚಿ, ಬೆಂಚಿನ ಮೇಲಿದ್ದ ಹುಡುಗಿಯ ಕೈಗೆ ವಾಪಸು ಕೊಟ್ಟಳು.