ಮೂರನೆಯ ಗಾಜು

ಬೀದಿಯ ಆಚೆ ಬದಿ ಪಕ್ಕದ ಊರಿನ ನಗರಸಭೆಯದು. ಅಲ್ಲಿ ಹಾಳುಬಿದ್ದ ಮನೆಯ ರಿಪೇರಿಗೆ ವರ್ಷದ ಗಡುವು. ಈಚೆ ಬದಿಯಲ್ಲಿ ಮೂರು ಕಿಟಕಿ ಒಡೆದಿದ್ದರೆ ಸಾಕು, ಇಲ್ಲಿನ ನಗರಸಭೆ ಮನೆಗೆ ಬೀಗ ಜಡಿಯುತ್ತದೆ. ಗಂಡ ತೀರಿಕೊಂಡ ಮೇಲೆ ಈಚೆ ಬದಿಯ ಅವಳ ಮನೆಯ ಎರಡು ಕಿಟಕಿಯ ಗಾಜು ಒಡೆದಿದ್ದವು. ಇಂದು ಬೆಳಿಗ್ಗೆ ಹಿಂಬದಿಯ ಬಚ್ಚಲದ್ದೂ ಒಡೆದಿತ್ತು. ಬೀದಿಯಿಂದ ಎಸೆದ ಕಲ್ಲು ಅಲ್ಲಿಗೆ ಮುಟ್ಟುವುದಿಲ್ಲ. ಯಾರ ಮುಂದೆಯೂ ಉಸಿರು ಬಿಡದೆ ಅವಳೇ ಹೊಸ ಗಾಜು ಕೂರಿಸಿದಳು.

ಮಧ್ಯಾಹ್ನ ಮೈದುನ ನಗರಸಭೆಯ ಇನ್ಸ್‌ಪೆಕ್ಟರನ್ನು ಕರೆತಂದ.

“ಒಬ್ಬರೇ ಯಾಕೆ ಒದ್ದಾಡ್ತೀರಿ ಅತ್ತಿಗೆ? ಮನೆ ನನಗೆ ಬಿಟ್ಟುಕೊಡಿ.”

ಇನ್ಸ್‌ಪೆಕ್ಟರ್ ಸುತ್ತಿ ಬಂದು, “ಎರಡೇ ಒಡೆದಿರೋದು,” ಎಂದ.

“ಬಚ್ಚಲದ್ದು ನೋಡಿದ್ರಾ ಸಾರ್?” ಎಂದ ಮೈದುನ.

“ಅದು ಬೆಳಿಗ್ಗೆ ಒಡೀತು, ಆಗಲೇ ಹಾಕಿದೀನಿ,” ಎಂದಳು ಅವಳು. “ನಿನಗೆ ಯಾರಪ್ಪ ಹೇಳಿದ್ದು?”

ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ. ಆದರೂ ಮೈದುನ ಬ್ಯಾಂಡೇಜು ಸುತ್ತಿದ ಬೆರಳನ್ನು ಮೆಲ್ಲಗೆ ಜೇಬಿಗಿಳಿಸಿದ.